ಒಡೆದ ನೆನಪೂ ಬೆಳ್ಳಿಯ ತೆರೆಯೂ

ಚಲಚ್ಚಿತ್ರವನ್ನು ಕುರಿತು ಬರೆಯುವವರಲ್ಲಿಯೂ ಭಾಷಣ ಮಾಡುವವರಲ್ಲಿಯೂ ಒಂದು ವಾದವು ಬಹುಕಾಲದಿಂದ ಬೇರೂರಿದೆ. ಮನುಷ್ಯನ ನೆನಪು ತುಂಡುತುಂಡಾದುದು. ಚಲಚ್ಚಿತ್ರವೂ ಚಿತ್ರಗಳನ್ನು ಕತ್ತರಿಸಿ ಜೋಡಿಸುವ ಕಲೆ. ಆದುದರಿಂದ ಒಡೆದ ನೆನಪಿನ ಕಥೆಗೆ ಅದಕ್ಕಿಂತ ತಕ್ಕ ಸಾಧನವಿಲ್ಲ. ಸಾಲಿನ ಹಿಂದೆ ಸಾಲಾಗಿ ನಡೆಯುವ ಪುಸ್ತಕಕ್ಕೆ ಅದು ಎಟುಕದು ಎಂಬುದೇ ಆ ವಾದ. ಕೇಳುವುದಕ್ಕೆ ಇದು ಬಹು ಸೊಗಸಾಗಿದೆ. ಸೊಗಸಾಗಿರುವುದರಿಂದಲೇ ಇದನ್ನು ಒರೆಗೆ ಹಚ್ಚುವವರು ಅಪರೂಪ.

ತೆರೆಯ ಮೇಲೆ ನೆನಪು ಬರುವ ಬಗೆಯನ್ನು ಅರಿಯದ ಮನೆಯಿಲ್ಲ. ನಾಯಕಿಯು ಕಿಟಕಿಯ ಬಳಿ ನಿಲ್ಲುವಳು; ಮುಖವು ಹತ್ತಿರಕ್ಕೆ ಬರುವುದು; ವಾದ್ಯವು ಮೆಲ್ಲಗೆ ನುಡಿಯುವುದು; ಚಿತ್ರವು ನೀರಿನಂತೆ ಅಲುಗಿ, ಹತ್ತು ವರ್ಷದ ಹಿಂದಿನ ದಿನವೊಂದು ಕಣ್ಣೆದುರು ನಿಲ್ಲುವುದು. ಇದಕ್ಕೆ ಫ್ಲಾಷ್‌ಬ್ಯಾಕ್ ಎಂದು ಹೆಸರು, ಹಿನ್ನೋಟವೆನ್ನಬಹುದು. ಆ ದಿನದ ಸೀರೆಯ ಬಣ್ಣ, ಗೋಡೆಯ ಗಡಿಯಾರ, ಬಾಗಿಲಲ್ಲಿ ನಿಂತ ಆಳಿನ ಮುಖ, ಒಂದೂ ಮಾಸಿರುವುದಿಲ್ಲ. ನೆನೆಯುವವಳ ಬೆನ್ನ ಹಿಂದೆ ನಡೆದುದು ಕೂಡ ಸ್ಪಷ್ಟವಾಗಿ ಕಾಣುತ್ತದೆ! ಇದು ನೆನಪೇ? ಉಗ್ರಾಣದಲ್ಲಿ ಬೀಗ ಹಾಕಿಟ್ಟಿದ್ದ ಸಾಮಾನನ್ನು ಹೊರಕ್ಕೆ ತಂದಂತಾಯಿತಷ್ಟೆ.

ನೆನಪು ಅಂತಹ ಉಗ್ರಾಣವಲ್ಲವೆಂಬುದನ್ನು ಕೇಂಬ್ರಿಜ್ಜಿನ ಬಾರ್ಟ್‌ಲೆಟ್ ಎಂಬ ಮನಶ್ಶಾಸ್ತ್ರಜ್ಞನು 1932ರ ತನ್ನ ಗ್ರಂಥದಲ್ಲಿಯೇ ತೋರಿಸಿದನು. ಒಂದು ಅಪರಿಚಿತ ಜನಾಂಗದ ಕಥೆಯನ್ನು ಓದಿಸಿ, ಕಾಲ ಬಿಟ್ಟು ಮತ್ತೆ ಮತ್ತೆ ಹೇಳಿಸಿದಾಗ, ಹೇಳುವವರು ತಮಗೆ ಹಿಡಿಯದುದನ್ನು ಕೈಬಿಟ್ಟು, ಪರಿಚಿತವಾದುದನ್ನು ತುಂಬಿ, ಪ್ರತಿಸಲವೂ ಕಥೆಯನ್ನು ಹೊಸದಾಗಿಯೇ ಕಟ್ಟುತ್ತಿದ್ದರು. 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಎಂಬವರು ಮೋಟಾರುಗಳು ಡಿಕ್ಕಿ ಹೊಡೆಯುವ ಚಲಚ್ಚಿತ್ರವನ್ನೇ ತೋರಿಸಿ ಪ್ರಶ್ನೆ ಕೇಳಿದರು. ‘ತಾಕಿದಾಗ’ ಎಂದು ಕೇಳಿಸಿಕೊಂಡವರಿಗಿಂತ ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡವರಲ್ಲಿ ಹೆಚ್ಚು ಮಂದಿ, ಒಂದು ವಾರದ ಮೇಲೆ, ಒಡೆದ ಗಾಜನ್ನು ಕಂಡೆವೆಂದು ಹೇಳಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಹೀಗಿರಲು, ಮಾಸದ ಬಣ್ಣದ ಹಿನ್ನೋಟವು ನೆನಪಿನ ಪ್ರತಿಬಿಂಬವೆನ್ನುವುದು ಹೇಗೆ?

ಕನ್ನಡದ ಮಾತಿಗೆ ಈ ವಿಷಯದಲ್ಲಿರುವ ಐಶ್ವರ್ಯವು ಅಸಾಧಾರಣವಾದುದು. ‘ಬಂದನು’ ಎಂಬ ಒಂದೇ ಕ್ರಿಯಾಪದವು ‘ಬಂದನಂತೆ’, ‘ಬಂದನೇನೋ’, ‘ಬಂದಿರಬೇಕು’, ‘ಬಂದ ಹಾಗಿತ್ತು’ ಎಂದು ರೂಪಾಂತರ ಹೊಂದುತ್ತದೆ. ಒಂದು ಕೇಳಿದ್ದು, ಒಂದು ಸಂಶಯ, ಒಂದು ಊಹೆ, ಮತ್ತೊಂದು ಬರಿಯ ಮಂಜು. ಮುದುಕಿಯೊಬ್ಬಳು ತನ್ನ ಮದುವೆಯ ದಿನವನ್ನು ಹೇಳುತ್ತ ‘ಮಳೆ ಬರುತ್ತಿತ್ತೋ ಏನೋ’ ಎಂದರೆ, ಅದನ್ನು ಬರೆಯುವವನಿಗೆ ಕಷ್ಟವೇನೂ ಇಲ್ಲ, ಹಾಗೆಯೇ ಬರೆಯುತ್ತಾನೆ. ಛಾಯಾಗ್ರಾಹಕನಾದರೋ ಮಳೆಯನ್ನು ಸುರಿಸಬೇಕು, ಇಲ್ಲವೆ ಸುರಿಸದೆ ಇರಬೇಕು. ‘ಮಳೆಯೋ ಏನೋ’ ಎಂಬ ಮಳೆಯನ್ನು ಸುರಿಸುವ ಯಂತ್ರವು ಇನ್ನೂ ಹುಟ್ಟಿಲ್ಲ. ಚಿತ್ರದ ವ್ಯಾಕರಣದಲ್ಲಿ ‘ಅಂತೆ’ಯಿಲ್ಲ.

ಇದಕ್ಕೆ ಚಲಚ್ಚಿತ್ರದ ಚರಿತ್ರೆಯೇ ಸಾಕ್ಷಿ. ಆಲ್‌ಫ್ರೆಡ್ ಹಿಚ್‌ಕಾಕನು 1950ರಲ್ಲಿ ತೆರೆಗೆ ತಂದ ‘ಸ್ಟೇಜ್ ಫ್ರೈಟ್’ ಎಂಬ ಚಿತ್ರದ ಆರಂಭದಲ್ಲಿ ಒಬ್ಬನು ನಡೆದ ಸಂಗತಿಯನ್ನು ಗೆಳತಿಗೆ ಹೇಳುತ್ತಾನೆ. ಅದೆಲ್ಲವೂ ಹಿನ್ನೋಟವಾಗಿ ಕಾಣುತ್ತದೆ. ಕೊನೆಯಲ್ಲಿ ನೋಡಿದರೆ ಅದು ಸುಳ್ಳು. ಪ್ರೇಕ್ಷಕರು ತಾವು ಮೋಸಹೋದೆವೆಂದು ಮುನಿದರು. ಹಾಗೆ ಮಾಡಬಾರದಾಗಿತ್ತೆಂದು ನಿರ್ದೇಶಕನೇ ಮುಂದೆ ಒಪ್ಪಿಕೊಂಡನು. ಕಾದಂಬರಿಯಲ್ಲಿ ಸುಳ್ಳುಗಾರನು ಕಥೆ ಹೇಳಿದರೆ ಯಾವ ವಾಚಕನೂ ಪುಸ್ತಕದಂಗಡಿಯವನ ಮೇಲೆ ಜಗಳಕ್ಕೆ ಹೋಗುವುದಿಲ್ಲ. ತೆರೆಯ ಮೇಲೆ ಸುಳ್ಳು ಹೇಳುವ ಹಕ್ಕು ಬಾಯಿಗುಂಟು, ಚಿತ್ರಕ್ಕಿಲ್ಲ.

ಅದೇ ವರ್ಷ ಜಪಾನಿನಲ್ಲಿ ಕುರೊಸಾವನ ‘ರಾಶೊಮಾನ್’ ಬಂದಿತು. ಅದರ ಕಥಾವಸ್ತುವಿಗೆ ಮೂಲವಾದ ಅಕುಟಗಾವನ 1922ರ ಸಣ್ಣ ಕಥೆಯಲ್ಲಿ ಒಂದು ಕೊಲೆಯನ್ನು ಕುರಿತು ಏಳು ಹೇಳಿಕೆಗಳುಂಟು; ಅವು ಒಂದಕ್ಕೊಂದು ಹೊಂದುವುದಿಲ್ಲ; ತೀರ್ಪು ಕೊಡುವವರೂ ಇಲ್ಲ. ಕಥೆಯು ಅಲ್ಲಿಗೇ ನಿಲ್ಲುತ್ತದೆ. ಚಿತ್ರವು ಮಹತ್ತಾದುದೆಂಬುದರಲ್ಲಿ ಸಂದೇಹವಿಲ್ಲ. 1951ರಲ್ಲಿ ವೆನಿಸ್ಸಿನ ಉತ್ಸವದಲ್ಲಿ ಪ್ರಥಮ ಪುರಸ್ಕಾರವು ಅದಕ್ಕೆ ಸಂದುದು ನ್ಯಾಯವೇ. ಆದರೂ ಆ ಶೂನ್ಯವನ್ನು ಅದು ಸಹಿಸಲಾರದೆ ಹೋಯಿತು. ಕಥೆಯಲ್ಲಿ ಹೆಣವನ್ನು ಮಾತ್ರ ಕಂಡಿದ್ದ ಕಟ್ಟಿಗೆಯವನು ಚಿತ್ರದಲ್ಲಿ ಎಲ್ಲವನ್ನೂ ಕಣ್ಣಾರೆ ಕಂಡವನಾದನು. ಅವನ ಮಾತಿಗೂ ಕಳಂಕವುಂಟು, ನಿಜ. ಆದರೆ ನೋಡುವವನು ಮನೆಗೆ ಹೋಗುವಾಗ ಕೊಂಡೊಯ್ಯುವುದು ಅವನ ಮಾತನ್ನೇ. ಸಾಲದೆಂದು ಕೊನೆಗೆ ಒಂದು ಅನಾಥ ಶಿಶುವನ್ನೂ ತಂದರು.

ಇನ್ನು ಶಾಕುಂತಲವನ್ನು ನೋಡಬೇಕು. ಮಹಾಭಾರತದ ದುಷ್ಯಂತನಿಗೆ ಮರೆವೇ ಇಲ್ಲ; ನೆನಪಿದ್ದೂ ಇಲ್ಲವೆನ್ನುವವನು ಅವನು. ಮರೆವನ್ನು ತಂದವನು ಕಾಳಿದಾಸ. ಶಾಪವೂ ಉಂಗುರವೂ ಬೀಗ ಮತ್ತು ಬೀಗದ ಕೈಗಳೇ ಅಲ್ಲವೆ, ಸಿನಿಮಾದವರು ಮಾಡಿದುದನ್ನೇ ಕವಿಯೂ ಮಾಡಿದನಲ್ಲಾ ಎಂದು ಆಕ್ಷೇಪಿಸುವವರು ಐದನೆಯ ಅಂಕದ ಮೊದಲನ್ನು ಮತ್ತೊಮ್ಮೆ ಓದತಕ್ಕದ್ದು. ಶಕುಂತಲೆಯು ಇನ್ನೂ ಅರಮನೆಗೆ ಬಂದಿಲ್ಲ. ಒಳಗೆಲ್ಲಿಯೋ ಹಂಸಪದಿಕೆಯು ಹಾಡುತ್ತಾಳೆ. ಅಗಲಿದ ಪ್ರಿಯರು ಯಾರೂ ಇಲ್ಲದಿದ್ದರೂ ಅರಸನಿಗೆ ತಳಮಳವಾಗುತ್ತದೆ, ಏತಕ್ಕೆಂದು ತಿಳಿಯದು, ಜನ್ಮಾಂತರದ ಸ್ನೇಹವಿರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ನೆನಪಿನ ವಸ್ತುವು ಅಳಿದುಹೋಗಿ ನೋವು ಮಾತ್ರ ಉಳಿದಿರುವ ಈ ಸ್ಥಿತಿಯನ್ನು ಇಷ್ಟು ಸೂಕ್ಷ್ಮವಾಗಿ ಹೇಳಿದ ಇನ್ನೊಂದು ಎಡೆಯು ದೊರೆಯುವುದು ಕಷ್ಟ. ತೆರೆಯ ಕಲೆಗಾರನು ಇಲ್ಲಿ ಏನು ಮಾಡಿಯಾನು? ಆಶ್ರಮದ ಬಳ್ಳಿಯನ್ನೋ ನೀರೆರೆಯುವ ಕೈಯನ್ನೋ ಒಂದು ಕ್ಷಣ ಮಿಂಚಿಸಿಯಾನು. ಮಿಂಚಿಸಿದೊಡನೆ ಎಲ್ಲವೂ ಕೆಟ್ಟಿತು. ದುಷ್ಯಂತನದು ಚಿತ್ರವಿಲ್ಲದ ಸಂಕಟ.

ಆರನೆಯ ಅಂಕದಲ್ಲಿ, ಉಂಗುರವು ಸಿಕ್ಕಿದ ಮೇಲೆ, ಅರಸನು ಪ್ರಿಯೆಯ ಚಿತ್ರವನ್ನು ಬರೆದು ಮುಂದಿಟ್ಟುಕೊಂಡಿದ್ದಾನೆ. ಮಾಲಿನೀ ನದಿಯನ್ನು ಬರೆಯಬೇಕು, ಕಿವಿಯ ಶಿರೀಷವು ಮರೆತುಹೋಯಿತು ಎಂದು ಮತ್ತೆ ಮತ್ತೆ ತಿದ್ದಲು ಹವಣಿಸುತ್ತಾನೆ. ಚಿತ್ರದಲ್ಲಿನ ದುಂಬಿಯನ್ನು ನಿಜವೆಂದು ಗದರಿಸುತ್ತಾನೆ. ಇದು ಚಿತ್ರವಯ್ಯಾ ಎಂದು ವಿದೂಷಕನು ಎಚ್ಚರಿಸಿದಾಗ ಅವನ ಎದೆಯೊಡೆಯುತ್ತದೆ. ನೆನಪನ್ನು ಚಿತ್ರವೆಂದು ನಂಬಿದರೆ ಏನಾಗುವುದೆಂಬುದನ್ನು ಕವಿಯು ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಬರೆದಿಟ್ಟನು. ನಾಟಕವೂ ದೃಶ್ಯಕಾವ್ಯವೇ ತಾನೆ ಎಂದರೆ, ಹೌದು. ಆದರೆ ರಂಗದ ಮೇಲೆ ಕಾಣುವವನು ನೆನೆಯುತ್ತಿರುವ ಮನುಷ್ಯ. ನೆನೆದುದು ಅವನ ಮಾತಿನಲ್ಲಿ ಮಾತ್ರವಿದೆ.

ಚಲಚ್ಚಿತ್ರಕ್ಕೆ ಈ ಕೆಲಸವು ಅಸಾಧ್ಯವೆಂದಲ್ಲ. ಕ್ರಿಸ್ಟೊಫರ್ ನೋಲನನ 2000ದ ‘ಮೆಮೆಂಟೊ’ದಲ್ಲಿ ವರ್ಣದ ದೃಶ್ಯಗಳು ಹಿಂದುಮುಂದಾಗಿ ಬರುತ್ತವೆ, ಹೊಸ ನೆನಪು ನಿಲ್ಲದ ನಾಯಕನಂತೆಯೇ ನೋಡುವವನಿಗೂ ಈಗತಾನೆ ಏನು ನಡೆಯಿತೆಂಬುದು ತಿಳಿಯದು. ಅದೇ ವ್ಯಾಧಿಯನ್ನೂ ಮೈಮೇಲಿನ ಹಚ್ಚೆಯನ್ನೂ ತಂದುಕೊಂಡು 2005ರಲ್ಲಿ ತಮಿಳಿನಲ್ಲಿಯೂ 2008ರಲ್ಲಿ ಹಿಂದಿಯಲ್ಲಿಯೂ ‘ಘಜನಿ’ಯು ಬಂದಿತು. ಅಲ್ಲಿ ನಾಯಕನ ನೆನಪು 15 ನಿಮಿಷಕ್ಕೆ ಅಳಿಸಿಹೋಗುತ್ತದೆ. ಆದರೇನು? ಅವನ ದಿನಚರಿಯನ್ನು ಇನ್ನೊಬ್ಬರು ಬಿಚ್ಚಿದೊಡನೆ, ಹಳೆಯ ಪ್ರಣಯವೆಲ್ಲ ಹಾಡುಕುಣಿತಗಳ ಸಮೇತ, ಒಂದು ಎಳೆಯೂ ತಪ್ಪದೆ ಮೆರವಣಿಗೆ ಹೊರಡುತ್ತದೆ. ರೋಗವು ನಾಯಕನಿಗಂಟಿತೇ ಹೊರತು ಚಿತ್ರಕ್ಕೆ ಅಂಟಲಿಲ್ಲ.

ಫ್ಲೋರಿಯನ್ ಜೆಲರನು ತನ್ನ ನಾಟಕವನ್ನೇ ಆಧರಿಸಿ 2020ರಲ್ಲಿ ಮಾಡಿದ ‘ದಿ ಫಾದರ್’ ಇನ್ನೂ ಮುಂದೆ ಹೋಗಿದೆ. ಮರೆವು ಕವಿದ ಮುದುಕನ ಮನೆಯಲ್ಲಿ ಕುರ್ಚಿಮೇಜುಗಳು ಸದ್ದಿಲ್ಲದೆ ಬದಲಾಗುತ್ತವೆ. ಮಗಳೆಂದು ಒಮ್ಮೆ ಒಬ್ಬ ನಟಿಯೂ ಮತ್ತೊಮ್ಮೆ ಇನ್ನೊಬ್ಬಳೂ ಬರುತ್ತಾರೆ. ಬಾಲು ಮಹೇಂದ್ರನ 1982ರ ‘ಮೂನ್ರಾಂ ಪಿರೈ’ ಎಂಬ ತಮಿಳು ಚಿತ್ರದ ಕೊನೆಯೂ ಅಂತಹುದೇ. ಹಳೆಯ ನೆನಪು ಮರಳಿದವಳಿಗೆ ತನ್ನನ್ನು ಮಗುವಿನಂತೆ ಸಾಕಿದವನೇ ಗುರುತಿಲ್ಲ. ರೈಲುನಿಲ್ದಾಣದಲ್ಲಿ ಅವನು ಮಂಗನಂತೆ ಕುಣಿದರೂ ಯಾವನೋ ಹುಚ್ಚನೆಂದು ನೋಡುತ್ತಾಳೆ. ಇವೆರಡೂ ಗೆದ್ದುದು ಹಿನ್ನೋಟದ ಬಲದಿಂದಲ್ಲ, ಅದನ್ನು ನೆಚ್ಚದೆ ಇದ್ದುದರಿಂದ. ಚಲಚ್ಚಿತ್ರದ ವಕೀಲರು ಮಾತ್ರ ಈ ಗೆಲುವನ್ನೂ ಹಿನ್ನೋಟದ ಲೆಕ್ಕಕ್ಕೇ ಜಮಾ ಮಾಡುತ್ತಾರೆ.

ಪುಸ್ತಕಗಳೆಲ್ಲ ನಿರ್ದೋಷಿಗಳೆಂದೂ ಅಲ್ಲ. ಭೈರಪ್ಪನವರ ‘ಪರ್ವ’ವು 1979ರಲ್ಲಿಯೇ ಒಬ್ಬೊಬ್ಬ ಪಾತ್ರದ ನೆನಪಿನೊಳಗಿನಿಂದ ಭಾರತದ ಕಥೆಯನ್ನು ಕಾಣಿಸಿದ ನಾಡಿನಲ್ಲಿ, ಅಧ್ಯಾಯಕ್ಕೊಂದು ‘ಅಂದು’, ಅಧ್ಯಾಯಕ್ಕೊಂದು ‘ಇಂದು’ ಎಂದು ಹಣೆಪಟ್ಟಿ ಕಟ್ಟಿ, ತೆರೆಯ ಕತ್ತರಿಯನ್ನು ಎರವಲು ತಂದ ಕಾದಂಬರಿಗಳೂ ಬರುತ್ತಿವೆ. ತನ್ನ ಮನೆಯ ‘ಏನೋ’ವನ್ನು ಬಿಟ್ಟು ಪಕ್ಕದ ಮನೆಯ ಕತ್ತರಿಗೆ ಕೈಚಾಚುವುದು ಬಡತನವಲ್ಲ, ಮರುಳುತನ.

ಇದೆಲ್ಲ ಮನರಂಜನೆಯ ವಿಷಯ, ಇಷ್ಟು ಕೋಪವೇಕೆ ಎನ್ನುವವರಿದ್ದಾರೆ. ಕೋಪಕ್ಕೆ ಕಾರಣವು ಮನೆಯೊಳಗಿದೆ. ಪೆಟ್ಟು ಬಿದ್ದು ಹೋದ ನೆನಪು ಮತ್ತೊಂದು ಪೆಟ್ಟಿಗೆ ಮರಳುವುದೆಂದು ಕಲಿಸಿದ ಚಿತ್ರಗಳನ್ನು ನೋಡಿ ಬೆಳೆದ ಮನೆಗಳಲ್ಲಿ ಈಗ ಅಲ್‌ಜೈಮರ್ ರೋಗದ ಹಿರಿಯರಿದ್ದಾರೆ. ಮೊಮ್ಮಗನು ಎದುರಿಗೆ ಕುಳಿತು, ‘ನಾನು ಯಾರು, ಹೇಳಜ್ಜಿ?’ ಎಂದು ಪರೀಕ್ಷೆ ಮಾಡುತ್ತಾನೆ. ಹಳೆಯ ಭಾವಚಿತ್ರಗಳನ್ನು ಒಂದಾದ ಮೇಲೊಂದು ಹಿಡಿಯುತ್ತಾನೆ. ತಪ್ಪು ಹೇಳಿದರೆ ನಗು, ಸುಮ್ಮನಿದ್ದರೆ ಬೇಸರ. ಅವನಲ್ಲಿ ಕೇಡಿಲ್ಲ. ಸುರುಳಿಯು ಒಳಗೆಲ್ಲೋ ಭದ್ರವಾಗಿದೆ, ತಕ್ಕ ಉಂಗುರವು ಸಿಕ್ಕಿದರೆ ಬಿಚ್ಚಿಕೊಳ್ಳುತ್ತದೆ ಎಂದು ನಂಬಿದ್ದಾನೆ, ಅಷ್ಟೆ. ಸುರುಳಿಯೇ ಸವೆಯುತ್ತಿದೆ ಎಂದು ಅವನಿಗೆ ಯಾವ ಹಿನ್ನೋಟವೂ ಹೇಳಲಿಲ್ಲ. ಅವನು ಬಂದು ಕೈಹಿಡಿದಾಗ ಅಜ್ಜಿಗೆ ಒಂದು ಹಿತವಾಗುತ್ತಿರಬಹುದು; ಹೆಸರಿಲ್ಲದ ಹಿತ, ಹಂಸಪದಿಕೆಯ ಹಾಡು ಕೇಳಿದ ಅರಸನ ನೋವಿಗೆ ಹೆಸರಿಲ್ಲದಂತೆ. ಪ್ರಶ್ನೆ ಕೇಳುವ ಭರದಲ್ಲಿ ಅದು ಅವನ ಲಕ್ಷ್ಯಕ್ಕೆ ಬರುವುದಿಲ್ಲ.

ಈ ರೋಗವನ್ನೇ ವಸ್ತುವಾಗಿಟ್ಟುಕೊಂಡು ಹೇಮಂತ್ ಎಂ. ರಾವ್ ಅವರು 2016ರಲ್ಲಿ ನಿರ್ದೇಶಿಸಿದ ಕನ್ನಡ ಚಿತ್ರಕ್ಕೆ ಕಾಣೆಯಾದವರ ಪ್ರಕಟಣೆಯ ಮಾತನ್ನೇ ಹೆಸರಾಗಿಟ್ಟಿದ್ದಾರೆ: ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಅನಂತ್ ನಾಗ್ ಅವರು ನಟಿಸಿರುವ ತಂದೆಯು ತಪ್ಪಿಸಿಕೊಳ್ಳುತ್ತಾನೆ. ಮಗನು ಊರೆಲ್ಲ ಹುಡುಕುತ್ತಾನೆ. ಆ ನಾಲ್ಕು ಪದಗಳನ್ನು ಬೀದಿಯಲ್ಲಿ ಹೋಗುವ ಎಷ್ಟೋ ಮುದುಕರಿಗೆ ಹಚ್ಚಬಹುದು. ಮರೆತವನು ತಂದೆ, ಆದರೆ ತಂದೆಯನ್ನು ಕುರಿತು ಹೇಳೆಂದರೆ ಮಾತು ಸಾಲದೆ ನಿಲ್ಲುವವನು, ನೆನಪೆಲ್ಲವೂ ನೆಟ್ಟಗಿರುವ ಮಗ.