ಓಟು ನಮ್ಮದು, ಕುರ್ಚಿ ಯಾರದು?

ನಮ್ಮಪ್ಪ ಗೌಡರ ಜಗಲಿ ಮೇಲೆ ಕೂತಿದ್ದನ್ನ ನಾನು ಕಂಡಿಲ್ಲ. ಕೂಲಿ ಕೇಳೋಕೆ ಹೋದಾಗಲೂ ಅಂಗಳದಲ್ಲಿ ನಿಂತೇ ಕೇಳ್ತಿದ್ದ. ಒಳಗಿಂದ ದನಿ ಬರ್ತಿತ್ತು: "ತಾಳ್ಲಾ, ಬತ್ತೀನಿ." ಹೊತ್ತು ಮುಳುಗ್ತಿತ್ತು. ಇಲ್ಲ ಅಂದ್ರೆ ಜಗಳ ಆಗುತ್ತೆ. ತಾಳು ಅಂದ್ರೆ ಆಗಲ್ಲ. ಈ ದೇಶದ ಜಾತಿವಂತರಿಗೆ ಇದಕ್ಕಿಂತ ಸಲೀಸಾದ ಆಯುಧ ಇನ್ನೊಂದಿಲ್ಲ. ಇವತ್ತು ಚುನಾವಣೆ ಗೆದ್ದವರಿಗೂ ಅದೇ ಮಾತು: ತಾಳು.

1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಬಂತು. ಪಂಚಾಯಿತಿ ಅಧ್ಯಕ್ಷರ ಕುರ್ಚಿಯಲ್ಲೂ ನಮಗೆ ಪಾಲು ಬಂತು. ಊರಿನ ಹೊಟ್ಟೆಗೆ ಬೆಂಕಿ ಬಿತ್ತು. ತಮಿಳುನಾಡಿನ ಮಧುರೈ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರ್‌ಮಂಗಲಂ ನೋಡಿ. 1996ರಿಂದ 2006ರವರೆಗೆ, ಹತ್ತು ವರ್ಷ, ಮೀಸಲು ಕುರ್ಚಿಯಲ್ಲಿ ಒಬ್ಬ ದಲಿತ ನೆಮ್ಮದಿಯಾಗಿ ಕೂರೋಕೆ ಬಿಡಲಿಲ್ಲ. ನಾಮಪತ್ರ ಹಾಕೋಕೆ ಬಿಡಲಿಲ್ಲ. ಹಾಕಿಸಿದರೆ ತಮ್ಮ ಆಳಿನ ಕೈಲೇ ಹಾಕಿಸಿ, ಗೆದ್ದ ಕೂಡಲೇ ರಾಜೀನಾಮೆ ಬರೆಸಿಕೊಂಡರು.

ಅದೇ ಜಿಲ್ಲೆಯ ಮೇಲವಳವಿನಲ್ಲಿ ಮುರುಗೇಶನ್ ಹೆದರಲಿಲ್ಲ. ಪೊಲೀಸ್ ಕಾವಲಿನಲ್ಲಿ ನಡೆದ ಚುನಾವಣೆಯಲ್ಲಿ ಗೆದ್ದ. ಅಧ್ಯಕ್ಷನಾಗಿ ಆಳೋಕೆ ಮಾತ್ರ ಬಿಡಲಿಲ್ಲ. 1997ರ ಜೂನ್ 30ರಂದು ಮಧುರೈಯಿಂದ ಬಸ್ಸಿನಲ್ಲಿ ಊರಿಗೆ ವಾಪಸ್ ಬರ್ತಿದ್ದಾಗ ತಡೆದು, ಅವನನ್ನೂ ಜೊತೆಗಿದ್ದ ಐವರನ್ನೂ ಕಡಿದರು. ಅವನ ಅಪರಾಧ ಏನು? ಗೆದ್ದಿದ್ದು.

ಅದು ತಮಿಳುನಾಡು, ನಮ್ಮಲ್ಲಿ ಹಂಗಿಲ್ಲ ಅಂತೀರಾ ಸ್ವಾಮಿ? ನಮ್ಮಲ್ಲಿ ಮಚ್ಚು ಬೇಕಾಗಲಿಲ್ಲ, ಕಾಗದವೇ ಸಾಕಾಯ್ತು. 2018ರ ಆಗಸ್ಟ್ 31ರಂದು ಕರ್ನಾಟಕದ ನೂರಕ್ಕೂ ಹೆಚ್ಚು ಪಟ್ಟಣಗಳ ಜನ ಓಟು ಹಾಕಿದರು. ಸದಸ್ಯರು ಗೆದ್ದರು, ಹಾರ ಹಾಕಿಸಿಕೊಂಡರು, ಮನೆಗೆ ಹೋದರು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನ ಯಾವ ಊರಲ್ಲಿ ಯಾರಿಗೆ ಮೀಸಲು ಅನ್ನೋ ಪಟ್ಟಿಯ ಜಗಳ ಕೋರ್ಟಿಗೆ ಹೋಯ್ತು. ಬಹಳಷ್ಟು ಊರುಗಳಲ್ಲಿ ಆ ಕುರ್ಚಿ ತುಂಬೋ ಹೊತ್ತಿಗೆ ಎರಡು ವರ್ಷ ಕಳೆದು 2020 ಮುಗೀತಾ ಬಂದಿತ್ತು.

ಅಲ್ಲಿವರೆಗೆ ಆಳಿದ್ದು ಆಡಳಿತಾಧಿಕಾರಿ. ಸಾಮಾನ್ಯ ಸಭೆ ಇಲ್ಲ. ಪುರಸಭೆ ಹಣದಲ್ಲಿ ಪರಿಶಿಷ್ಟರಿಗೆಂದು ಎತ್ತಿಟ್ಟ ಶೇ. 24.10 ಯಾವ ಕೇರಿಯ ಚರಂಡಿಗೆ, ಯಾವ ಮಕ್ಕಳ ಓದಿಗೆ ಅಂತ ಎದ್ದು ನಿಂತು ಕೇಳೋ ಬಾಯಿಗೆ ಬೀಗ. ಗೆದ್ದ ನಮ್ಮಕ್ಕ ಕಚೇರಿ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತರೆ, ಅಂಗಳದಲ್ಲಿ ನಿಂತ ನಮ್ಮಪ್ಪನಿಗೂ ಅವಳಿಗೂ ಏನು ವ್ಯತ್ಯಾಸ?

ಇನ್ನೂ ಒಂದು ಚಮತ್ಕಾರ ಇದೆ. ಸಂವಿಧಾನದ ಪ್ರಕಾರ ಐದು ವರ್ಷದ ಅವಧಿ ಎಣಿಸೋದು ಮೊದಲ ಸಭೆಯ ದಿನದಿಂದ. ಗೆದ್ದವರ ಕಾಲ ನುಂಗಬಾರದು ಅಂತ ಹಾಗೆ ಬರೆದರು. ಆದರೆ ಸಭೆಯನ್ನೇ ಕರೆಯದಿದ್ದರೆ? ಗಡಿಯಾರಕ್ಕೆ ಕೀಲಿ ಕೊಡದೆ ಗೂಟಕ್ಕೆ ನೇತು ಹಾಕಿದ ಹಂಗೆ. ಕೂರಿಸೋದು ತಡ ಆದರೆ ಹೀಗೆ. ಕೂರೋರನ್ನ ಆರಿಸೋದೇ ಬೇಡ ಅಂದರೆ? ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ನಾಲ್ಕು ವರ್ಷ ಉರುಳಿದರೂ ಚುನಾವಣೆ ಆಗಲಿಲ್ಲ.

"ಕೋರ್ಟಿನಲ್ಲಿದೆ, ನಾವೇನು ಮಾಡೋಣ?" ಅಂತಾರೆ ದೊಡ್ಡವರು. ಪಟ್ಟಿಯನ್ನು ಮತದಾನಕ್ಕೆ ಮೊದಲೇ ಸರಿಯಾಗಿ ಮಾಡಿ, ತಕರಾರು ಮೊದಲೇ ಮುಗಿಸಿ ಅಂತ ನಾವು ಕೇಳ್ತೀವಿ. ಎಂಎಲ್ಎ ಗೆದ್ದರೆ ರಾತ್ರೋರಾತ್ರಿ ರೆಸಾರ್ಟು, ವಾರದಲ್ಲಿ ಪ್ರಮಾಣವಚನ. ಅವರ ಕುರ್ಚಿಗೆ ಇರೋ ಅವಸರ ನಮ್ಮ ಕೇರಿಯ ಸದಸ್ಯನ ಕುರ್ಚಿಗೆ ಯಾಕಿಲ್ಲ?

ನಾನು ಕವಿತೆ ಕಟ್ಟೋನು, ಕಾನೂನು ಓದಿದೋನಲ್ಲ. ಆದರೂ ಇಷ್ಟು ಗೊತ್ತು: ಒಬ್ಬನಿಗೆ ಒಂದು ಓಟು, ಎಲ್ಲರ ಓಟಿಗೂ ಒಂದೇ ಬೆಲೆ ಅಂತ ಬಾಬಾಸಾಹೇಬರು ಕೊಟ್ಟು ಹೋದರು. ಗೆದ್ದವರನ್ನು ಹೊರಗೆ ನಿಲ್ಲಿಸಿದ ದಿನ ಆ ಬೆಲೆ ಸೊನ್ನೆ. ಫಲಿತಾಂಶ ಬಂದ ಇಷ್ಟು ದಿನದೊಳಗೆ ಸಭೆ ಕರೆಯಲೇಬೇಕು, ಕುರ್ಚಿ ತುಂಬಲೇಬೇಕು ಅಂತ ಕಾಯ್ದೆಯಲ್ಲಿ ಬರೆಯಿರಿ. ತಡ ಮಾಡಿದ ಅಧಿಕಾರಿ ಕೇರಿಗೆ ಬಂದು, ನೆಲದ ಮೇಲೆ ನಮ್ಮ ಜೊತೆ ಕೂತು, ಕಾರಣ ಹೇಳಲಿ.

ಅಣ್ಣಂದಿರೇ, ಅಕ್ಕಂದಿರೇ, ಅಪ್ಪಂದಿರು ತಾಳಿದ್ದು ಸಾಕು. ಓಟು ಹಾಕಿ ಮನೆಗೆ ಹೋಗಬೇಡಿ. ಗೆದ್ದವರು ಕೂರೋವರೆಗೂ ಕಚೇರಿ ಬಾಗಿಲು ಬಿಡಬೇಡಿ.

ಜೈ ಭೀಮ್.