ಮನೆಯ ಮೇಲ್ ಸರ್ವರ್ ಬಾಗಿಲು ತೆರೆಯಲು ಏಕೆ ತಡ?

ಬಾಶೆಟ್ಟಿಹಳ್ಳಿಯ ಒಂದು ಮನೆ ಎಂದುಕೊಳ್ಳಿ. ಅಪ್ಪನಿಗೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮಗ ಡಿಪ್ಲೊಮಾ ವಿದ್ಯಾರ್ಥಿ. ಮೂಲೆ ಸೇರಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ತುಂಬಿಸಿ, ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಎಂಬ ಉಚಿತ ತಂತ್ರಾಂಶಗಳನ್ನು ಹಾಕಿ, ಮನೆಮಂದಿಗೆಲ್ಲ ಸ್ವಂತ ಮೇಲ್ ಸರ್ವರ್ ಮಾಡಿಕೊಟ್ಟಿದ್ದಾನೆ. ಒಂದೇ ತೊಂದರೆ. ಪತ್ರ ಕಳಿಸಲು ಗುಂಡಿ ಒತ್ತಿದರೆ 20 ಸೆಕೆಂಡ್ ಏನೂ ಆಗುವುದಿಲ್ಲ. ‘ಇಂಟರ್‌ನೆಟ್ ನಿಧಾನ ಅಪ್ಪ, ದೊಡ್ಡ ಪ್ಲಾನ್ ಹಾಕಿಸೋಣ’ ಎನ್ನುತ್ತಾನೆ ಮಗ. ತಿಂಗಳು ತಿಂಗಳೂ ಇನ್ನಷ್ಟು ದುಡ್ಡು ಏಕೆ ಸುರಿಯಬೇಕು ಎನ್ನುತ್ತಾರೆ ಅಪ್ಪ. ಈ ವ್ಯಾಜ್ಯದಲ್ಲಿ ನನ್ನ ಮತ ಅಪ್ಪನಿಗೆ.

ಹೇಗೆಂದರೆ, ಮನೆಯೊಳಗಿನ ಮೊಬೈಲಿನಿಂದ ಮನೆಯೊಳಗಿನ ಸರ್ವರಿಗೆ ಹೋಗುವ ಪತ್ರ ಹೊರಗಿನ ತಂತಿಯನ್ನು ಮುಟ್ಟುವುದೇ ಇಲ್ಲ. ಮೊಬೈಲಿನಿಂದ ರೂಟರ್, ರೂಟರಿನಿಂದ ಕಂಪ್ಯೂಟರ್, ಅಷ್ಟೇ ದಾರಿ. ಪ್ಲಾನ್ ದೊಡ್ಡದಾದರೂ ಈ ದಾರಿ ಇದ್ದಂತೆಯೇ ಇರುತ್ತದೆ. ಇನ್ನೊಂದು ಪರೀಕ್ಷೆಯನ್ನೂ ಮಾಡಿ ನೋಡಿ. ಒಂದು ಸಾಲಿನ ಪತ್ರ ಕಳಿಸಿ, ಆಮೇಲೆ ದೊಡ್ಡ ಫೋಟೊ ಅಂಟಿಸಿ ಕಳಿಸಿ. ತಂತಿ ನಿಧಾನವಾಗಿದ್ದರೆ ಫೋಟೊ ಬಹಳ ಹೊತ್ತು ಹಿಡಿಯಬೇಕು. ಎರಡಕ್ಕೂ ಅದೇ 20 ಸೆಕೆಂಡ್ ಆದರೆ ವೇಗದ ಕೊರತೆಯಿಲ್ಲ. ಸರ್ವರ್ ಯಾರದೋ ಉತ್ತರಕ್ಕೆ ಕಾದು ಕುಳಿತಿದೆ ಎಂದರ್ಥ.

ಎಲ್ಲದಕ್ಕೂ ತಂತಿಯನ್ನು ಬೈಯುವ ಅಭ್ಯಾಸ ನಮಗೆ ಹಳೆಯದು. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಇಂಟರ್‌ನೆಟ್ಟನ್ನು ಸಾರ್ವಜನಿಕರಿಗೆ ತೆರೆದಾಗ ಬೈಗುಳಕ್ಕೆ ಕಾರಣವೂ ಇತ್ತು. ಸೆಕೆಂಡಿಗೆ 9,600 ಬಿಟ್ ಸಾಗಿಸುವ ಮೋಡೆಮ್ಮಿನಲ್ಲಿ ಒಂದು ಮೆಗಾಬೈಟಿನ ಫೋಟೊ ಹೋಗಲು ಸುಮಾರು ಕಾಲು ಗಂಟೆ ಬೇಕು. ಆ ಮೋಡೆಮ್ ಹೋಯಿತು, ಅಭ್ಯಾಸ ಉಳಿಯಿತು.

ಹಾಗಾದರೆ ಸರ್ವರ್ ಕಾಯುತ್ತಿರುವುದು ಯಾರಿಗೆ? ಹಳ್ಳಿಯ ಜಗಲಿಯ ಮೇಲೆ ಕುಳಿತ ಅಜ್ಜನನ್ನು ನೆನಪಿಸಿಕೊಳ್ಳಿ. ಹೊಸಬ ಬಂದರೆ ‘ಯಾರ ಮಗನಪ್ಪ ನೀನು?’ ಎಂದು ಕೇಳದೆ ಒಳಗೆ ಬಿಡುವುದಿಲ್ಲ. ಪೋಸ್ಟ್‌ಫಿಕ್ಸ್ ಕೂಡ ಹಾಗೆಯೇ. ಕರೆ ಬಂದ ಕೂಡಲೇ, ಕರೆದವರ ಅಂಕಿ ವಿಳಾಸಕ್ಕೆ ಹೆಸರೇನು ಎಂದು ಡಿ.ಎನ್.ಎಸ್. ಎಂಬ ಹೆಸರಿನ ದಫ್ತರನ್ನು ವಿಚಾರಿಸುತ್ತದೆ. ಆದರೆ ಮನೆಯೊಳಗಿನ ವಿಳಾಸಗಳು ಸಾಮಾನ್ಯವಾಗಿ 192.168 ಎಂದು ಶುರುವಾಗುತ್ತವೆ. ಇವು ಖಾಸಗಿ ಬಳಕೆಗೆಂದೇ ಮೀಸಲಿಟ್ಟವು, ಸಾವಿರಾರು ಮನೆಗಳಲ್ಲಿ ಇವೇ ಇರುತ್ತವೆ. ಹೊರಗಿನ ದಫ್ತರಿನಲ್ಲಿ ಇವಕ್ಕೆ ಹೆಸರು ಇರಲಾರದು. ‘ಗೊತ್ತಿಲ್ಲ’ ಎಂಬ ಉತ್ತರ ತಕ್ಷಣ ಬಂದರೆ ತೊಂದರೆಯಿಲ್ಲ, ಅಜ್ಜ ಬಾಗಿಲು ಬಿಡುತ್ತಾನೆ. ವಿಚಾರಿಸಲು ಹೋದ ಹುಡುಗ ವಾಪಸೇ ಬಾರದಿದ್ದರೆ ಮಾತ್ರ ಕಷ್ಟ.

ಇಲ್ಲಿ ಗಡಿಯಾರ ನೆರವಿಗೆ ಬರುತ್ತದೆ. ಲಿನಕ್ಸ್‌ನಲ್ಲಿ ಹೆಸರು ವಿಚಾರಿಸುವ ಸಾಮಾನ್ಯ ಏರ್ಪಾಡು ಪ್ರತಿ ಪ್ರಶ್ನೆಗೆ 5 ಸೆಕೆಂಡ್ ಕಾಯುತ್ತದೆ, ಎರಡು ಸುತ್ತು ಕೇಳುತ್ತದೆ. ಒಂದೇ ಡಿ.ಎನ್.ಎಸ್. ವಿಳಾಸ ಬರೆದಿದ್ದು ಅದು ಮಾತಾಡದಿದ್ದರೆ 10 ಸೆಕೆಂಡ್. ಎರಡು ಬರೆದಿದ್ದು ಎರಡೂ ಮೂಕವಾಗಿದ್ದರೆ 20. ನಮ್ಮ ಹುಡುಗ ಎಣಿಸಿದ್ದು ಇದನ್ನೇ! ಇಂಟರ್‌ನೆಟ್ ಕಂಪನಿ ಬದಲಾಯಿಸಿದ ಮೇಲೂ ಹಳೆಯ ಕಂಪನಿಯ ಡಿ.ಎನ್.ಎಸ್. ವಿಳಾಸ ಸರ್ವರಿನಲ್ಲಿ ಹಾಗೇ ಉಳಿದಿದ್ದರೆ ಹೀಗಾಗಬಹುದು. ಇನ್ನೊಂದು ಗುರುತು: ಪತ್ರ ಓದುವಾಗ ತಡವಿಲ್ಲ, ಕಳಿಸುವಾಗ ಮಾತ್ರ ತಡ. ಓದಿಸುವುದು ಡವ್‌ಕಾಟ್, ಅದಕ್ಕೆ ಅಜ್ಜನ ಕುತೂಹಲವಿಲ್ಲ.

ಖಚಿತ ಮಾಡಿಕೊಳ್ಳಲು ಬೇರೊಂದು ಕಂಪ್ಯೂಟರಿನಲ್ಲಿ ಟೆಲ್‌ನೆಟ್ ತೆರೆದು ಸರ್ವರಿನ 25ನೇ ಪೋರ್ಟಿಗೆ ಕರೆ ಮಾಡಿ. 220 ಎಂದು ಶುರುವಾಗುವ ಸಾಲು ಬರುವವರೆಗೆ ಸೆಕೆಂಡ್ ಎಣಿಸಿ. ಪ್ರತಿ ಸಲವೂ ಒಂದೇ ಅಂಕಿ ಬಂದರೆ ಅದು ಎಲ್ಲೋ ಬರೆದಿಟ್ಟ ಗಡುವು. ಹಳೆಯ ಸೆಂಡ್‌ಮೇಲ್ ಬಳಸುವವರಿಗೆ 5 ಸೆಕೆಂಡ್ ಕಂಡರೆ ಐಡೆಂಟ್ ಎಂಬ, 1993ರ ಕಾಲದ ವಿಚಾರಣೆಯ ಮೇಲೆ ಅನುಮಾನಪಡಿ. ಒಂದು ಕಂಪ್ಯೂಟರಿನಲ್ಲಿ ಹತ್ತಾರು ಜನ ಕೆಲಸ ಮಾಡುತ್ತಿದ್ದಾಗ ಕರೆದವರು ಯಾರೆಂದು ಕೇಳಲು ಅದು ಬೇಕಿತ್ತು. ಈಗ ಮನೆಗೆ ಅದರ ಹಂಗಿಲ್ಲ, ನಿಲ್ಲಿಸಿಬಿಡಿ. 6 ಸೆಕೆಂಡ್ ಬಂದರೆ ದೋಷವೇ ಅಲ್ಲದಿರಬಹುದು. ಪೋಸ್ಟ್‌ಫಿಕ್ಸ್‌ನ ಪೋಸ್ಟ್‌ಸ್ಕ್ರೀನ್ ಎಂಬ ಕಾವಲುಗಾರನನ್ನು ನೇಮಿಸಿದ್ದರೆ ಅವನು ಬೇಕೆಂದೇ ಅಷ್ಟು ಹೊತ್ತು ಕಾಯಿಸುತ್ತಾನೆ. ಕಸದ ಪತ್ರ ಹಂಚುವ ಯಂತ್ರಗಳಿಗೆ ತಾಳ್ಮೆ ಕಡಿಮೆ. ಸರದಿ ಬರುವ ಮೊದಲೇ ಮಾತಾಡಿ ಸಿಕ್ಕಿಬೀಳುತ್ತವೆ.

ಪರಿಹಾರಕ್ಕೆ ಕಾಸು ಖರ್ಚಿಲ್ಲ. ಸರ್ವರಿನಲ್ಲಿ ಸತ್ತ ಡಿ.ಎನ್.ಎಸ್. ವಿಳಾಸ ಅಳಿಸಿ, ಉತ್ತರಿಸುವಂಥದನ್ನು ಬರೆಯಿರಿ. ಮನೆಯ ಮೊಬೈಲು, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಬದಲಾಗದಂತೆ ರೂಟರಿನಲ್ಲಿ ಕಾಯ್ದಿರಿಸಿ. ಆ ವಿಳಾಸಗಳನ್ನೂ ನೀವಿಟ್ಟ ಹೆಸರುಗಳನ್ನೂ ‘ಹೋಸ್ಟ್ಸ್’ ಎಂಬ ಕಡತದಲ್ಲಿ ಸಾಲಾಗಿ ಬರೆದು ಪೋಸ್ಟ್‌ಫಿಕ್ಸನ್ನು ಮತ್ತೆ ಶುರುಮಾಡಿ. ಅಜ್ಜನ ಕೈಯಲ್ಲೇ ಮನೆಮಂದಿಯ ಪಟ್ಟಿ ಇದ್ದರೆ ಹೊರಗೆ ವಿಚಾರಿಸುವ ಪ್ರಮೇಯವಿಲ್ಲ.

ಮನೆಯ ಹೊರಗಿನಿಂದ ಸರ್ವರ್ ಸಿಗುತ್ತಲೇ ಇಲ್ಲವೆಂದರೆ ಅದು ಬೇರೆ ಕಥೆ. ಅನೇಕ ಕಂಪನಿಗಳು ಹಲವಾರು ಮನೆಗಳಿಗೆ ಸೇರಿ ಒಂದೇ ಹೊರವಿಳಾಸ ಕೊಡುತ್ತವೆ, 25ನೇ ಪೋರ್ಟನ್ನು ಮುಚ್ಚಿರುವುದೂ ಉಂಟು. ಅದಕ್ಕೆ ಮಗನ ಸಾಮರ್ಥ್ಯ ಸಾಲದು, ಕಂಪನಿಯನ್ನೇ ಕೇಳಬೇಕು.

ಪೋಷಕರಿಗೆ ಒಂದು ಮಾತು. ಕರೆಂಟು ಹೋಗಿ ಸರ್ವರ್ ಮಲಗಿದರೆ ಆ ಹೊತ್ತಿಗೆ ಬರುವ ಪತ್ರಗಳು ಕಳೆದುಹೋಗುವುದಿಲ್ಲ. ಕಳಿಸುವ ಸರ್ವರ್ ಸಾಮಾನ್ಯವಾಗಿ 4–5 ದಿನವಾದರೂ ಮತ್ತೆ ಮತ್ತೆ ಪ್ರಯತ್ನಿಸಬೇಕು ಎಂಬುದು ಮೇಲ್ ನಿಯಮ. ಆದರೆ ಎರಡು ಪ್ರಯತ್ನಗಳ ನಡುವೆ ಅರ್ಧ ಗಂಟೆಯೋ ಹೆಚ್ಚೋ ಕಳೆಯಬಹುದು. ಒ.ಟಿ.ಪಿ.ಗೆ ಅಷ್ಟು ಆಯಸ್ಸಿಲ್ಲ. ಸಿ.ಇ.ಟಿ. ಅರ್ಜಿ, ಕೌನ್ಸೆಲಿಂಗ್, ವಿದ್ಯಾರ್ಥಿವೇತನ ಇವಕ್ಕೆಲ್ಲ ಸದ್ಯಕ್ಕೆ ದೊಡ್ಡ ಕಂಪನಿಯ ಮೇಲ್ ವಿಳಾಸವನ್ನೇ ಕೊಡಿ. ಹುಡುಗನ ಸರ್ವರಿಗೆ ಮಾವಂದಿರ, ಚಿಕ್ಕಮ್ಮಂದಿರ ಪತ್ರಗಳು ಬರಲಿ.