ಹೊಟ್ಟೆಯುರಿ: ಬರೀ ಗರ್ಮಿಯೇ?

ಬಸವಕಲ್ಯಾಣವಿರಲಿ, ಹುಮನಾಬಾದಿರಲಿ, ಸೊಸೆ ತಿಂಗಳುಗಟ್ಟಲೆ ಹೊಟ್ಟೆಯುರಿ ಎಂದರೆ ಸಿಗುವ ಉತ್ತರ, “ಗರ್ಮಿಯಾಗಿದೆ, ಖಾರ ಬಿಡು.” ಯುನಾನಿ ಹಕೀಮರು ಇದಕ್ಕೆ ಸಫ್ರಾ, ಅಂದರೆ ಪಿತ್ತದ ಹೆಚ್ಚಳ ಕಾರಣ ಎನ್ನುತ್ತಾರೆ. ಅವರು ಹೇಳುವ ಹಿತಮಿತದ ಊಟ ಒಳ್ಳೆಯದೇ. ಹಿಂದೆ ಡಾಕ್ಟರರೂ ಜಠರದ ಹುಣ್ಣಿಗೆ ಖಾರ, ಚಿಂತೆಯನ್ನೇ ದೂರುತ್ತಿದ್ದರು. ಆದರೆ 1982ರಲ್ಲಿ ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವನ್ನು ಪತ್ತೆಹಚ್ಚಿದರು. 2005ರಲ್ಲಿ ನೊಬೆಲ್ ಪಡೆದರು. ಹೆಚ್ಚಿನ ಹುಣ್ಣುಗಳಿಗೆ ಈ ರೋಗಾಣು ಅಥವಾ ಮಂಡಿನೋವು, ಮೈಕೈನೋವಿಗೆ ನುಂಗುವ ಮಾತ್ರೆಗಳು ಕಾರಣ. ಚೂರ್ಣದಿಂದ ಉರಿ ತಗ್ಗೀತು. ರೋಗಾಣು ಹೋಗಲು ಆ್ಯಂಟಿಬಯೋಟಿಕ್ ಬೇಕು.

ಸಹೋದರಿಯರೇ, ಮಲ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ಕಷ್ಟವಾದರೆ ತಡಮಾಡದೆ ಡಾಕ್ಟರರನ್ನು ಕಾಣಿರಿ. ಹಕೀಮರ ಔಷಧಿ ಸೇವಿಸುತ್ತಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿರಿ.